ಸಹಾಯ ಬೇಕು: ಟ್ರೌಟ್ ಮೀನಿನ ಹೊಟ್ಟೆಯಲ್ಲಿ ಸಿಕ್ಕ ಈ ಹುಳು ಯಾವುದು?

ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನ ರಟ್ಲಂಡ್ ವಾಟರ್ ಜಲಾಶಯದಲ್ಲಿ ಹಿಡಿದ ರೇನ್‌ಬೋ ಟ್ರೌಟ್‌ನ ಹೊಟ್ಟೆ ಬಿಡಿಸಿ, ಒಳಗಿದ್ದುದನ್ನು ಬಿಳಿ ತಟ್ಟೆಯ ನೀರಿಗೆ ಹಾಕಿ ನೋಡಿದೆ. ಜಾಸ್ತಿ ಇದ್ದದ್ದು ಕೈರೋನೊಮಿಡ್ (ಸೊಳ್ಳೆಯಂತೆ ಕಾಣುವ, ಕಚ್ಚದ ಸಣ್ಣ ಕೀಟ) ಪ್ಯೂಪಾ, ಅಂದರೆ ರೆಕ್ಕೆ ಬರುವ ಮುಂಚಿನ ಕೋಶದ ಹಂತ. ಬಾಗಿದ ಮೈ, ತಲೆಯ ಹತ್ತಿರ ಬಿಳಿ ಕುಚ್ಚು. ಎಷ್ಟು ಚೆಂದ ಇದ್ದವು! ಅವುಗಳದ್ದೇ ಕೆಂಪು ಲಾರ್ವಾಗಳೂ ಇದ್ದವು. ಅದು ಹಿಮೋಗ್ಲೋಬಿನ್ ಬಣ್ಣ. ಅದರಿಂದಲೇ ಆಮ್ಲಜನಕ ಕಡಿಮೆ ಇರುವ ಕೆಸರಲ್ಲೂ ಬದುಕುತ್ತವೆ.

ತೊಡಕಿರುವುದು ಇನ್ನೊಂದು ಹುಳದಲ್ಲಿ. ಸುಮಾರು ಒಂದು ಸೆಂಟಿಮೀಟರ್ ಉದ್ದ, ಹಸಿರುಗಂದು, ಮೂರು ಬಾಲ. ಬಾಲ ಅಗಲವಾಗಿ ಚಪ್ಪಟೆಯಾಗಿದ್ದರೆ ಡ್ಯಾಮ್ಸೆಲ್‌ಫ್ಲೈ (ಏರೋಪ್ಲೇನ್ ಚಿಟ್ಟೆಯ ತೆಳ್ಳನೆಯ ಸಂಬಂಧಿ) ಮರಿ, ತೆಳ್ಳಗಿದ್ದು ಹೊಟ್ಟೆಯ ಬದಿಗಳಲ್ಲಿ ಕಿವಿರಿದ್ದರೆ ಮೇಫ್ಲೈ (ಮರಿಯಾಗಿ ನೀರಲ್ಲಿ ಬೆಳೆಯುವ ಇನ್ನೊಂದು ಕೀಟ) ಮರಿ, ಅಲ್ವಾ? ಇದರ ಬಾಲ ಅರ್ಧ ಜೀರ್ಣವಾಗಿದೆ, ಕಿವಿರೂ ಕಾಣುತ್ತಿಲ್ಲ. ಡ್ಯಾಮ್ಸೆಲ್‌ಗೆ ಮುಖದಡಿ ಮಡಚಿದ ಉದ್ದನೆಯ ತುಟಿ ಇರುತ್ತದೆ. ಲೆನ್ಸ್‌ನಲ್ಲಿ ಅದನ್ನು ಹೇಗೆ ಹುಡುಕಬೇಕು? ಗೊತ್ತಿರುವವರು ದಯವಿಟ್ಟು ತಿಳಿಸಿ. ಹುಳುವನ್ನು ಸ್ಪಿರಿಟ್‌ನಲ್ಲಿ ಇಟ್ಟಿದ್ದೇನೆ, ಯಾವ ಕಡೆಯಿಂದ ಬೇಕೋ ಹೇಳಿ, ಫೋಟೋ ತೆಗೆದು ಹಾಕುತ್ತೇನೆ.