ಪಾಸಿಟಿವ್‌ಗೆ ಪಾಸಿಟಿವ್ ಆಗಿಬರಂಗಿಲ್ಲಂತ

(‘ನಮ್ಮನಿ ಮಂದಿ’ ಗುಂಪು, ರವಿವಾರ ಮುಂಜಾನೆ)

ಡೋಂಬಿವಲಿ ಕಾಕಾ: *ಹೆಣ್ಣು ಹೆತ್ತವರು ತಪ್ಪದೇ ಓದಿ!!* ಸಜಾತೀಯ ವಿದ್ಯುದಾವೇಶಗಳು ವಿಕರ್ಷಿಸುತ್ತವೆ, ವಿಜಾತೀಯ ಆವೇಶಗಳು ಆಕರ್ಷಿಸುತ್ತವೆ. ಆದ್ದರಿಂದ ವಧು-ವರ ಇಬ್ಬರದ್ದೂ ಪಾಸಿಟಿವ್ ರಕ್ತವಾದರೆ ಜಗಳ ಖಚಿತ. ಇದು ವಿಜ್ಞಾನ. ಎಲ್ಲರಿಗೂ ಕಳಿಸಿ.

ಡೋಂಬಿವಲಿ ಕಾಕಾ: ಪುಟ್ಟಿ ಸಂಬಂಧ ನಡದದಲ್ಲ, ಅದಕ್ಕ ಹಾಕೀನಿ. ಹುಡುಗಂದು ಬಿ ಪಾಸಿಟಿವ್ ಅಂತ, ಇಕಿದೂ ಅದೇ. ವಿಚಾರ ಮಾಡ್ರಿ

ಪುಣೆ ಗುಂಡ್ಯಾ: ಕಾಕಾ ಸೋರ್ಸ್ ಏನ್ರಿ? ಯಾರ ಬರದಾರ ಇದನ್ನ

ಡೋಂಬಿವಲಿ ಕಾಕಾ: ನಿನಗ ಎಲ್ಲಾದಕ್ಕೂ ಸೋರ್ಸ್ ಬೇಕು. ವಿಜ್ಞಾನಿ ಕೂಲಂಬ್ ಹೇಳ್ಯಾನ

ಪುಣೆ ಗುಂಡ್ಯಾ: ಕೂಲಂಬ್ 1785ರಾಗ ತಂತಿ ಎಷ್ಟು ತಿರುಚ್ತದ ನೋಡಿ ಎರಡು ಚಾರ್ಜ್ ಅಂದ್ರ ವಿದ್ಯುದಾವೇಶದ ನಡುವಿನ ಬಲ ಅಳದಾನ, ಚಾರ್ಜ್ ಹೆಚ್ಚಾದ್ರ ಬಲ ಹೆಚ್ಚು, ಅಂತರ ಎರಡರಷ್ಟಾದ್ರ ಬಲ ನಾಲ್ಕನೇ ಒಂದು ಪಾಲು, ಇದರಾಗ ಮದಿವಿ ಎಲ್ಲಿಂದ ಬಂತು? ರಕ್ತದ ಪಾಸಿಟಿವ್ ಚಾರ್ಜೇ ಅಲ್ಲ, ಕೆಂಪು ಕಣದ ಮ್ಯಾಲೆ ಆರ್‌ಎಚ್ ಡಿ ಅನ್ನೋ ಪ್ರೋಟೀನ್ ಅದ ಅಂತ ಅಷ್ಟ. ಚಾರ್ಜೇ ನೋಡೂದಾದ್ರ ಎಲ್ಲಾರ ಕೆಂಪು ಕಣದ ಮೈಮ್ಯಾಲೂ ನೆಗೆಟಿವ್ ಚಾರ್ಜೇ ಇರ್ತದ, ಒಂದನ್ನೊಂದು ದೂಡಿಕೊಂಡು ಅಂಟದಂಗ ಹರೀತಾವ

ಪುಣೆ ಅತ್ಯಾ: ಗುಂಡ್ಯಾ, ಹಿರ್ಯಾರು ಒಳ್ಳೇದಕ್ಕ ಹೇಳ್ತಾರ. ಎದುರು ಮಾತಾಡೂದು ಕಲ್ತೀರಿ, ನಮಸ್ಕಾರ ಮಾಡೂದು ಮರ್ತೀರಿ

ಮಡಗಾಂವ್ ಚಿನ್ನು: ಏ ಪರೇಲ್ ಚಾಳಿನಾಗ ಬಾಚಣಿಕಿ ತಲಿಗೆ ತಿಕ್ಕಿ ಕಾಗದದ ಚೂರು ಎಬ್ಬಸ್ತಿದ್ವಿ ನೆನಪದ ಏನ್ರೋ? ಮಳಿಗಾಲದಾಗ ಏನ್ ತಿಕ್ಕಿದ್ರೂ ಏಳ್ತಿರಲಿಲ್ಲ, ದೀಪಾವಳಿ ಸೂಟಿಗೆ ಧಾರವಾಡಕ್ಕ ಹೋದ್ರ ಮಾತ್ರ ಪಟಪಟ ಜಿಗೀತಿದ್ವು

ಪುಣೆ ಗುಂಡ್ಯಾ: ಮುಂಬೈ ಹವಾದಾಗ ಪಸೆ ಜಾಸ್ತಿ, ಚಾರ್ಜ್ ಸೋರಿ ಹೋಗ್ತದ. ಮತ್ತ ಆ ಕಾಗದಕ್ಕ ಚಾರ್ಜೇ ಇರಂಗಿಲ್ಲ, ಬಾಚಣಿಕಿ ಹತ್ರ ಬಂದ್ರ ಕಾಗದದ ಒಳಗಿನ ಚಾರ್ಜ್ ಚೂರು ಸರೀತದ, ವಿರುದ್ಧದ್ದು ಈಕಡೆ ಬರ್ತದ, ಹತ್ರ ಇದ್ದದ್ದರ ಎಳೆತ ಜಾಸ್ತಿ ಆಗಿ ಜಿಗೀತದ

ಡೋಂಬಿವಲಿ ಕಾಕೂ: ಆ ಬಾಚಣಿಕಿ ನಂದು. ಹಲ್ಲು ಮುರದು ವಾಪಸ್ ಇಟ್ಟವ್ರು ಯಾರಂತ ಇನ್ನೂ ಯಾರೂ ಬಾಯಿ ಬಿಟ್ಟಿಲ್ಲ

ಡೋಂಬಿವಲಿ ಕಾಕಾ: ಇಕಿದೂ ಓ ಪಾಸಿಟಿವ್ ನಂದೂ ಓ ಪಾಸಿಟಿವ್, ಮದಿವಿ ಆದಾಗಿಂದ ಜಗಳ. ಇದೇ ನನ್ನ ಸೋರ್ಸ್

ಡೋಂಬಿವಲಿ ಕಾಕೂ: ಜಗಳಕ್ಕ ರಕ್ತ ಕಾರಣ ಅಲ್ಲ, ನಿಮ್ಮ ತಂಗಿ ಕಾರಣ

ಪುಣೆ ಅತ್ಯಾ: ವೈನಿ ಏನಂದ್ರಿ? ದಾದರ್ ಹಾಲಿನಾಗ ನನ್ನ ಮಗನ ಮುಂಜಿವಿ ಊಟಕ್ಕ ಕೂಡದ ಎದ್ದು ಹೋದವ್ರು ಯಾರು, ನಾನೇನ?

ಠಾಣೆ ವೈನಿ: ನಾ ದವಾಖಾನಿ ನರ್ಸ್ ಅಂತ ಹೇಳ್ತೀನಿ, ಒಂದ್ಸಲ ಪೂರ್ತಿ ಓದ್ರಿ. ಇಬ್ಬರದೂ ಪಾಸಿಟಿವ್ ಇದ್ರ ಆರ್‌ಎಚ್ ತಕರಾರೇ ಇಲ್ಲ. ಹುಡುಗಿದು ನೆಗೆಟಿವ್, ಹುಡುಗಂದು ಪಾಸಿಟಿವ್ ಇದ್ರ ನೋಡಬೇಕಾಗ್ತದ, ಕೂಸು ಪಾಸಿಟಿವ್ ಆಗಬಹುದು, ಆವಾಗ ತಾಯಿ ಮೈಯಾಗ ಕೂಸಿನ ರಕ್ತದ ವಿರುದ್ಧ ಕಾದಾಡೋ ಪ್ರತಿಕಾಯ ಹುಟ್ಟಿ ಮುಂದಿನ ಕೂಸಿಗೆ ತ್ರಾಸ. ಅದಕ್ಕ ಆಂಟಿ-ಡಿ ಇಂಜೆಕ್ಷನ್ ಅದ, ಬಸಿರಿದ್ದಾಗ 28ನೇ ವಾರದ ಸುಮಾರಿಗೆ, ಹೆರಿಗಿ ಆಗಿ 72 ತಾಸಿನೊಳಗ ಮತ್ತ. ಮದಿವಿ ನಿಲ್ಲಸೂದೇನೂ ಬ್ಯಾಡ

ಮಡಗಾಂವ್ ಚಿನ್ನು: ಮುಂಜಿವ್ಯಾಗ ಬುಂದಿ ಛಲೋ ಇತ್ತು ಬಿಡ್ರಿ

ಪುಟ್ಟಿ: ನಂದು ಬಿ ಪಾಸಿಟಿವ್ ಅಂತ ಯಾರ ಹೇಳಿದ್ರು? ನಂದು ಎ ನೆಗೆಟಿವ್

ಡೋಂಬಿವಲಿ ಕಾಕಾ: ಅಡ್ಡಿಯಿಲ್ಲ! ವಿಜಾತೀಯ! ಆಕರ್ಷಣೆ! ಮುಹೂರ್ತ ನೋಡ್ರಿ

ಠಾಣೆ ವೈನಿ: ಕಾಕಾ, ನಾ ಮ್ಯಾಲೆ ಬರದದ್ದು ಓದೀರೇನ್ರಿ?

ಡೋಂಬಿವಲಿ ಕಾಕಾ: ಭಾಳ ಉದ್ದ ಅದವ್ವಾ, ಊಟ ಆದಮ್ಯಾಲೆ ನೋಡ್ತೀನಿ