ಡಾಕ್ಟರನ್ನು ಕೇಳಿ: ಕೊಲೆಸ್ಟ್ರಾಲ್ ವಂಶದಿಂದ ಬರುತ್ತದಾ?

ರೇಖಾ: ಡಾಕ್ಟ್ರೇ, ನನಗೆ 34. ತೆಳ್ಳಗಿದ್ದೇನೆ, ಊಟದಲ್ಲೂ ಹಿಡಿತ ಇದೆ. ಆದರೂ ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟ್ರಾಲ್, 248 ಬಂದಿದೆ. ಅಪ್ಪನಿಗೆ 43ಕ್ಕೇ ಹಾರ್ಟ್ ಅಟ್ಯಾಕ್ ಆಗಿತ್ತು. ಹಿಮ್ಮಡಿ ಮೇಲಿನ ನರ ದಪ್ಪಗಾಗಿ ಗಂಟು ಕಟ್ಟಿದಂತಿದೆ, ನೋವಿಲ್ಲ. ಲ್ಯಾಬ್‌ನವರದೇ ತಪ್ಪಿರಬಹುದಾ?

ಡಾಕ್ಟರ್: ರೇಖಾ ಅವರೇ, ಲ್ಯಾಬ್ ತಪ್ಪು ಅನ್ನಿಸುತ್ತಿಲ್ಲ. ಅದು ನರವಲ್ಲ, ಮೀನಖಂಡವನ್ನು ಹಿಮ್ಮಡಿಗೆ ಕಟ್ಟಿರುವ ಗಟ್ಟಿ ಪಟ್ಟಿ. ಅದರೊಳಗೆ ಕೊಲೆಸ್ಟ್ರಾಲ್ ಕೂತಿರಬಹುದು, ಮುಟ್ಟಿ ನೋಡಬೇಕು. ಎಲ್‌ಡಿಎಲ್ 190 ದಾಟಿದೆ, ತಂದೆಗೆ ಸಣ್ಣ ವಯಸ್ಸಲ್ಲೇ ಅಟ್ಯಾಕ್, ಮೇಲೆ ಈ ಗಂಟು. ಇಷ್ಟೂ ಒಟ್ಟಿಗೆ ಬಂದರೆ ಮೊದಲ ಅನುಮಾನ ಎಫ್‌ಎಚ್ ಮೇಲೆ, ಅಂದರೆ ಹುಟ್ಟಿನಿಂದಲೇ ಬರುವ ಹೈ ಕೊಲೆಸ್ಟ್ರಾಲ್. ರಕ್ತದ ಎಲ್‌ಡಿಎಲ್ ಅನ್ನು ಲಿವರ್ ತನ್ನ ರಿಸೆಪ್ಟರ್‌ಗಳಿಂದ ಹಿಡಿದು ಒಳಗೆ ಎಳೆದುಕೊಳ್ಳುತ್ತದೆ. ಹೆಚ್ಚಿನವರಲ್ಲಿ ಕೆಟ್ಟಿರುವುದು ಆ ರಿಸೆಪ್ಟರ್ ಮಾಡಿಸುವ ಎಲ್‌ಡಿಎಲ್‌ಆರ್ ಜೀನ್. ಎರಡು ಪ್ರತಿಗಳಲ್ಲಿ ಒಂದು ಕೆಟ್ಟರೂ ಸಾಕು. ಸುಮಾರು 250-300 ಜನರಲ್ಲಿ ಒಬ್ಬರಿಗೆ ಇದೆ, ಬಹಳ ಜನಕ್ಕೆ ಗೊತ್ತೇ ಇರುವುದಿಲ್ಲ. ನಿಮ್ಮ ರಕ್ತನಾಳಗಳು 34 ವರ್ಷದಿಂದ ಈ ಹೊರೆ ಹೊತ್ತಿವೆ, ನನಗೆ ಚಿಂತೆ ಅದೇ. ಪಥ್ಯ ಬಿಡಬೇಡಿ, ಆದರೆ ಬರೀ ಪಥ್ಯದಿಂದ ಇದು ಇಳಿಯುವುದಿಲ್ಲ. ಥೈರಾಯ್ಡ್ ಟೆಸ್ಟ್ ಮಾಡಿಸಿಕೊಂಡು ಈ ವಾರವೇ ಹೃದಯತಜ್ಞರನ್ನು ಕಾಣಿ. ಸಾಮಾನ್ಯವಾಗಿ ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಶುರು ಮಾಡುತ್ತಾರೆ, ಸಾಲದಿದ್ದರೆ ಎಜೆಟಿಮೈಬ್ ಎಂಬ ಇನ್ನೊಂದು ಮಾತ್ರೆ ಸೇರಿಸುತ್ತಾರೆ. ಮಗು ಬೇಕೆಂದಿದ್ದರೆ ಮೊದಲೇ ಹೇಳಿ, ಬಸಿರಲ್ಲಿ ಸ್ಟ್ಯಾಟಿನ್ ಸಾಮಾನ್ಯವಾಗಿ ನಿಲ್ಲಿಸುತ್ತೇವೆ. ಒಡಹುಟ್ಟಿದವರಿಗೂ ಮಕ್ಕಳಿಗೂ ಬರುವ ಸಾಧ್ಯತೆ ತಲಾ 50%. ಅವರದ್ದೂ ಲಿಪಿಡ್ (ಕೊಲೆಸ್ಟ್ರಾಲ್) ಟೆಸ್ಟ್ ಆಗಲಿ.

ಮಂಜುನಾಥ್: ಸರ್, ಟೋಟಲ್ 212. ಮಾತ್ರೆ ಬೇಕಾ?

ಡಾಕ್ಟರ್: ಅದೊಂದೇ ನಂಬರ್ ಸಾಲದು. ಎಲ್‌ಡಿಎಲ್, ಬಿಪಿ, ಶುಗರ್, ವಯಸ್ಸು, ಸಿಗರೇಟು ಎಲ್ಲ ನೋಡಬೇಕು.

ಸುಮಾ: ನನ್ನದು 218, ಮಾತ್ರೆ ಬೇಕಾ?

ಡಾಕ್ಟರ್: ಮೇಲೆ ಓದಿ.

ಶ್ರೀಧರ್: ಫಾರ್ವರ್ಡ್ ಬಂದಿದೆ: 21 ದಿನ ಈ ಕಷಾಯ ಕುಡಿದರೆ ಬ್ಲಾಕ್ ಕರಗುತ್ತದೆ, ಮಾತ್ರೆ ಬಿಡಬಹುದು. ರೇಖಾ ಮೇಡಂ ಒಮ್ಮೆ ನೋಡಿ.

ಡಾಕ್ಟರ್: ದಯವಿಟ್ಟು ಅವರಿಗೆ ಇದನ್ನು ಕಳಿಸಬೇಡಿ. ಕಷಾಯ ಕುಡಿದರೆ ಜೀನ್ ಬದಲಾಗುವುದಿಲ್ಲ. ಮಾತ್ರೆ ಬಿಟ್ಟರೆ ಎಲ್‌ಡಿಎಲ್ ಮತ್ತೆ ಏರುತ್ತದೆ, ಮೈಗೆ ಏನೂ ಗೊತ್ತಾಗುವುದಿಲ್ಲ. ಎಷ್ಟೋ ಜನರಲ್ಲಿ ಮೊದಲ ಲಕ್ಷಣವೇ ಅಟ್ಯಾಕ್.

ಪ್ರಕಾಶ್: ಎಲ್ಲ ಔಷಧಿ ಕಂಪನಿಗಳ ಆಟ. ನಮ್ಮಜ್ಜ ಎಲ್ಲ ತಿಂದು 91 ಬದುಕಿದರು.

ವೀಣಾ: ನಿಮ್ಮಜ್ಜನ ಜೀನ್ ರೇಖಾಗೆ ಬಂದಿಲ್ಲವಲ್ಲ!

ಪ್ರಕಾಶ್: ನೀವೇನು ಡಾಕ್ಟರಾ?

ವೀಣಾ: ಅಲ್ಲ. ನೀವೂ ಅಲ್ಲ.

ಡಾಕ್ಟರ್: ಪ್ರಕಾಶ್ ಅವರೇ, ಕೆಲವರಲ್ಲಿ ಲಿವರ್‌ನ ಆ ರಿಸೆಪ್ಟರ್‌ಗಳನ್ನು ಕಡಿಮೆ ಮಾಡುವ ಪಿಸಿಎಸ್‌ಕೆ9 ಜೀನ್ ಮಂದವಾಗಿರುತ್ತದೆ. ಅವರ ಎಲ್‌ಡಿಎಲ್ ಹುಟ್ಟಿನಿಂದಲೇ ಕಡಿಮೆ, ಹೃದ್ರೋಗವೂ ಕಡಿಮೆ. ಅದನ್ನು ನೋಡಿಯೇ ಎಲ್‌ಡಿಎಲ್ ಇಳಿಸುವ ಹೊಸ ಇಂಜೆಕ್ಷನ್‌ಗಳು ಬಂದದ್ದು. ಅಜ್ಜನದ್ದೂ ಹಾಗೇ ಇತ್ತೋ ಏನೋ. ನಿಮ್ಮದು ಟೆಸ್ಟ್ ಮಾಡಿಸಿದ್ದೀರಾ?

ಪ್ರಕಾಶ್: ಮಾಡಿಸಲ್ಲ.

ನಾಗರಾಜ್: ಲಿಪೊಪ್ರೋಟೀನ್ ಎ ವರ್ಷಾ ವರ್ಷ ಮಾಡಿಸಬೇಕಾ?

ಡಾಕ್ಟರ್: ಬೇಡ. ಅದು ಎಲ್‌ಡಿಎಲ್ ಹಾಗೆಯೇ ರಕ್ತದಲ್ಲಿ ಕೊಲೆಸ್ಟ್ರಾಲ್ ಹೊರುವ ಒಂದು ಕಣ, ಅದರ ಮಟ್ಟ ಬಹುಪಾಲು ಜೀನ್‌ನಿಂದಲೇ ನಿಗದಿಯಾಗುತ್ತದೆ. ಹೆಚ್ಚಿನವರಿಗೆ ಜೀವನದಲ್ಲಿ ಒಂದು ಸಲ ಸಾಕು.

ಗೀತಾ: ಎಂಜಲು ಕಳಿಸಿ ಮಾಡಿಸುವ ಜೀನ್ ಟೆಸ್ಟ್ ನಂಬಬಹುದಾ ಸರ್?

ಶ್ರೀಧರ್: ಕಷಾಯದಿಂದ ಯಾರಿಗೂ ಏನೂ ಆಗಿಲ್ಲ, ಸುಮ್ನೆ ಹೆದರಿಸ್ತಾರೆ.

ವೀಣಾ: ಅಡ್ಮಿನ್, ಇವರನ್ನು ತೆಗೀರಿ.

ಸುರೇಶ್: ಸರ್, ಟೋಟಲ್ 209. ಮಾತ್ರೆ ಬೇಕಾ?