ಮಾರಾಟಕ್ಕೆ ಮೊದಲೇ ಖರ್ಚು ಮಾಡಿದ ದುಡ್ಡು ತೆರಿಗೆ ಲೆಕ್ಕಕ್ಕೆ ಬರುತ್ತದಾ? ಅನುಭವ ಇದ್ದವರು ಹೇಳಿ

ತೀರ್ಥಹಳ್ಳಿ ಹತ್ತಿರ ಅಪ್ಪೆಮಿಡಿ ಉಪ್ಪಿನಕಾಯಿ ಘಟಕ ಶುರುಮಾಡಿದ್ದೇನೆ. ಪ್ರಾಜೆಕ್ಟ್ ರಿಪೋರ್ಟಿಗೆ ₹12,000, ತರಬೇತಿ, ಲೈಸೆನ್ಸು, ಶೆಡ್ಡಿಗೆ ಟೈಲ್ಸು, ಪ್ಯಾಕಿಂಗ್ ಮಷೀನು ಅಂತ ಸುಮಾರು ₹4 ಲಕ್ಷ ಖರ್ಚಾಗಿದೆ. ಮಿಡಿ ಉಪ್ಪಿಗೆ ಹಾಕಿ ಹತ್ತು ದಿನ ಆಯ್ತು. ಇನ್ನೂ ಒಂದು ಬಾಟಲಿಯೂ ಮಾರಿಲ್ಲ. ಇದನ್ನೆಲ್ಲ ಆದಾಯ ತೆರಿಗೆಯಲ್ಲಿ ಖರ್ಚು ಅಂತ ತೋರಿಸಬಹುದಾ?

ಸಾಗರದ ಕಡೆಯಿಂದ, ಅಡಿಕೆ ಹಾಳೆ ತಟ್ಟೆ ಘಟಕ

ಅಕ್ಕ, ಆರು ವರ್ಷದ ಹಿಂದೆ ನಾನು ಎಲ್ಲ ಬಿಲ್ಲನ್ನೂ ಒಂದು ಚೀಲಕ್ಕೆ ತುಂಬಿಕೊಂಡು ಶಿವಮೊಗ್ಗದಲ್ಲಿ ಆಡಿಟರ್ ಎದುರು ಸುರಿದಿದ್ದೆ. ಬಿಲ್ಲು ಮುಟ್ಟುವ ಮೊದಲು ಅವರು ಕೇಳಿದ್ದು ಒಂದೇ ಮಾತು: "ನಿಮ್ಮ ಘಟಕ ಕೆಲಸಕ್ಕೆ ಸಿದ್ಧವಾದದ್ದು ಯಾವತ್ತು?" ಮೊದಲ ಮಾರಾಟದ ದಿನ ಹೇಳಿದೆ. ಅದು ಬೇಡ ಅಂದರು. ಮಷೀನು ಕೂತು, ಕರೆಂಟು ಬಂದು, ಕೆಲಸ ಶುರುಮಾಡಬಹುದು ಅನ್ನುವಂತಾದ ದಿನ ಬೇಕಿತ್ತು ಅವರಿಗೆ. ಆ ದಿನದಿಂದ ಆಚೆಗಿನ ಕೂಲಿ, ಬಾಡಿಗೆ, ಕರೆಂಟು ಬಿಲ್ಲು ಎಲ್ಲ ಮಾಮೂಲಿ ವ್ಯಾಪಾರದ ಖರ್ಚು, ಮಾರಾಟ ಸೊನ್ನೆ ಇದ್ದರೂ ಸರಿ. ಅದಕ್ಕೆ ಹಿಂದಿನದ್ದು ಬೇರೆಯೇ ಲೆಕ್ಕ.

ನನ್ನ ಶೆಡ್ಡಿಗೆ ತ್ರೀ ಫೇಸ್ ಲೈನು ಬಂದದ್ದು ಜನವರಿ 8. ನೆನೆಸಿಟ್ಟ ಹಾಳೆಯನ್ನು ಅಚ್ಚಿಗೆ ಕೊಟ್ಟು ಮೊದಲ ತಟ್ಟೆ ತೆಗೆದದ್ದು 11ಕ್ಕೆ. ಅಂಚು ಸ್ವಲ್ಪ ಸುಟ್ಟಿತ್ತು, ಆದರೂ ಮಗಳು ಅದನ್ನು ಕೈಯಲ್ಲಿ ಹಿಡಿದು ಫೋಟೊ ತೆಗೆಸಿಕೊಂಡಳು. ಆ ಫೋಟೊದ ತಾರೀಖು, ಅವತ್ತಿನ ಮೀಟರ್ ರೀಡಿಂಗು, ಕೂಲಿ ಪುಸ್ತಕ ಇವೇ ನನಗೆ ದಾಖಲೆ ಆದವು. ಮಾರಾಟ ಆಗಿದ್ದು ಫೆಬ್ರವರಿ 20ಕ್ಕೆ. ನಡುವಿನ ನಲವತ್ತು ದಿನದ ಖರ್ಚು ಪೂರ್ತಿ ಸಿಕ್ಕಿತು.

ನಿಮ್ಮ ವಿಷಯದಲ್ಲಿ ಉಪ್ಪಿಗೆ ಹಾಕಿದ ದಿನವೇ ಮುಖ್ಯ. ಸೌರಾಷ್ಟ್ರ ಸಿಮೆಂಟ್ ಪ್ರಕರಣದಲ್ಲಿ ಗುಜರಾತ್ ಹೈಕೋರ್ಟು, ಕಾರ್ಖಾನೆಯಲ್ಲಿ ಸಿಮೆಂಟು ತಯಾರಾಗುವ ಮೊದಲೇ ಸುಣ್ಣದಕಲ್ಲು ತೆಗೆಯೋಕೆ ಶುರುವಾದಾಗಲೇ ವ್ಯಾಪಾರ ಶುರುವಾಯಿತು ಅಂತ ಹೇಳಿದೆ. ಉಪ್ಪಿನಕಾಯಿಯ ಮೊದಲ ಕೆಲಸ ಮಿಡಿ ಉಪ್ಪಿಗೆ ಹಾಕುವುದೇ ತಾನೆ? ಲೈಸೆನ್ಸು ಕೈಯಲ್ಲಿದ್ದರೆ ಆ ತಾರೀಖು ಗಟ್ಟಿಯಾಗಿ ಹಿಡಿದುಕೊಳ್ಳಿ. ಬ್ಯಾರೆಲ್ಲುಗಳ ಫೋಟೊ, ಮಿಡಿ ಕೊಂಡ ಚೀಟಿ ತೆಗೆದಿಡಿ. ಒಂದು ಮಾತು: ಮಾರ್ಚ್ 31ಕ್ಕೆ ಬ್ಯಾರೆಲ್ಲಿನಲ್ಲಿ ಉಳಿದ ಮಿಡಿ ದಾಸ್ತಾನಿನ ಲೆಕ್ಕಕ್ಕೆ ಹೋಗುತ್ತದೆ, ಅದು ಖರ್ಚಾಗುವುದು ಮಾರಿದ ವರ್ಷ.

ಪ್ರಾಜೆಕ್ಟ್ ರಿಪೋರ್ಟಿಗೆ 1961ರ ಆದಾಯ ತೆರಿಗೆ ಕಾಯ್ದೆಯಲ್ಲಿ ಸೆಕ್ಷನ್ 35ಡಿ ಇತ್ತು. ರಿಪೋರ್ಟು, ಮಾರುಕಟ್ಟೆ ಸರ್ವೆ ಥರದ ಖರ್ಚನ್ನು ಐದು ಸಮ ಭಾಗ ಮಾಡಿ ಐದು ವರ್ಷ ಕಳೆಯಬಹುದು, ಒಟ್ಟು ಯೋಜನಾ ವೆಚ್ಚದ ಶೇ. 5 ಮೀರಬಾರದು. 2026ರ ಏಪ್ರಿಲ್ 1ರಿಂದ ಹೊಸ ಕಾಯ್ದೆ ಬಂದು ಸೆಕ್ಷನ್ ನಂಬರುಗಳು ಬದಲಾಗಿವೆ, ಆಡಿಟರಿಗೆ ಹಳೇ ನಂಬರು ಹೇಳಿದರೂ ಅರ್ಥವಾಗುತ್ತದೆ. ಆದರೆ ನಿಮ್ಮ ₹12,000ಕ್ಕೆ ವರ್ಷಕ್ಕೆ ಸಿಗುವುದು ₹2,400. ಕಂಪನಿಯೂ ಸಹಕಾರ ಸಂಘವೂ ಅಲ್ಲದವರು ಅದಕ್ಕಾಗಿ ಆ ವರ್ಷದ ಲೆಕ್ಕ ಆಡಿಟ್ ಮಾಡಿಸಬೇಕು. ಆಡಿಟ್ ಫೀಜೇ ಅದಕ್ಕಿಂತ ಜಾಸ್ತಿ. ನಾನು ಬಿಟ್ಟೆ, ನೀವೂ ಬಿಡಿ ಅಂತಲೇ ಹೇಳುತ್ತೇನೆ. ತರಬೇತಿ ಶುಲ್ಕವಂತೂ ಆ ಪಟ್ಟಿಯಲ್ಲೇ ಇಲ್ಲ.

ಮಷೀನಿಗೆ ಸವಕಳಿ (ಬಳಸಿ ಸವೆಯುವುದಕ್ಕೆ ಅಂತ ವರ್ಷವರ್ಷ ಖರ್ಚಿಗೆ ಹಾಕುವ ಪಾಲು) ವರ್ಷಕ್ಕೆ ಶೇ. 15, ಶೆಡ್ಡಿನ ಟೈಲ್ಸು ಕಟ್ಟಡದ ಜೊತೆ ಶೇ. 10. ಕೊಂಡ ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಅರ್ಧ ಮಾತ್ರ. ಹಾಳೆಯೂ ಮಿಡಿಯೂ ಬೇಸಿಗೆಯ ಮಾಲು, ಹಾಗಾಗಿ ಮಾರ್ಚ್ 31ಕ್ಕೆ ಸ್ವಲ್ಪ ಮೊದಲು ಶುರುಮಾಡಿದ ನನ್ನಂಥವರಿಗೆ ಮೊದಲ ವರ್ಷ ಅರ್ಧವೇ ಗತಿ. ₹2,40,000ದ ಪ್ರೆಸ್ಸಿಗೆ ನನಗೆ ಸಿಕ್ಕಿದ್ದು ₹18,000. ಬಾಕಿ ಮುಂದಿನ ವರ್ಷಗಳಲ್ಲಿ ಬರುತ್ತದೆ. ಮಷೀನು ಕೆಲಸಕ್ಕೆ ಇಳಿಯುವವರೆಗಿನ ಅದರ ಸಾಲದ ಬಡ್ಡಿಯೂ ಮಷೀನಿನ ಬೆಲೆಗೇ ಸೇರುತ್ತದೆ. ಸಣ್ಣ ಆಹಾರ ಘಟಕಗಳಿಗಿರುವ ಕೇಂದ್ರದ ಪಿಎಂಎಫ್‌ಎಂಇ ಯೋಜನೆಯ ಶೇ. 35 ಸಬ್ಸಿಡಿ ಬಂದರೆ ಅದನ್ನು ಬೆಲೆಯಿಂದ ಕಳೆದೇ ಸವಕಳಿ ಹಾಕಬೇಕು.

ನನಗೆ ಇವತ್ತಿಗೂ ಹೊಟ್ಟೆ ಉರಿಯುವುದು ಅಚ್ಚಿನ ವಿಷಯಕ್ಕೆ. ₹35,000 ಒಂದೇ ದಿನ ನಗದು ಎಣಿಸಿ ಕೊಟ್ಟೆ, ಬಿಲ್ಲೂ ಇತ್ತು. ಒಬ್ಬರಿಗೆ ಒಂದು ದಿನದಲ್ಲಿ ₹10,000 ಮೀರಿ ನಗದು ಕೊಟ್ಟರೆ ಅದು ಆಸ್ತಿಯ ಬೆಲೆಗೆ ಸೇರುವುದಿಲ್ಲ. ಪೂರ್ತಿ ಹೋಯಿತು.

ಕೊಪ್ಪದಿಂದ, ಕಾಫಿ ಪುಡಿ

ಜಿಎಸ್‌ಟಿ ಕಡೆಯೂ ನೋಡಿಕೊಳ್ಳಿ. ನಾನು ₹1,50,000ದ ಮಷೀನು ತಂದ ಎರಡು ತಿಂಗಳ ಮೇಲೆ ನೋಂದಣಿ ಮಾಡಿಸಿದೆ. ನೋಂದಣಿಗೆ ಮೊದಲು ಕೊಂಡ ಕಚ್ಚಾಮಾಲಿನ ದಾಸ್ತಾನಿಗೆ ಕ್ರೆಡಿಟ್ಟು (ಕೊಳ್ಳುವಾಗ ಕೊಟ್ಟ ಜಿಎಸ್‌ಟಿಯನ್ನು ನಾವು ಕಟ್ಟಬೇಕಾದದ್ದರಲ್ಲಿ ಕಳೆದುಕೊಳ್ಳುವುದು) ಸಿಗುತ್ತದೆ, ಮಷೀನಿಗೆ ಸಿಗಲ್ಲ. ಶೇ. 18ರ ಲೆಕ್ಕದಲ್ಲಿ ₹27,000 ಕ್ರೆಡಿಟ್ಟು ತಪ್ಪಿತು. ಕೊನೆಗೆ ಅದನ್ನು ಮಷೀನಿನ ಬೆಲೆಗೆ ಸೇರಿಸಿ ಸವಕಳಿ ಹಾಕಿಕೊಂಡೆ. ಸರಕು ಮಾರುವವರಿಗೆ ನಮ್ಮ ರಾಜ್ಯದಲ್ಲಿ ₹40 ಲಕ್ಷದವರೆಗೆ ನೋಂದಣಿ ಕಡ್ಡಾಯವಿಲ್ಲ, ಹೊರರಾಜ್ಯಕ್ಕೆ ಕಳಿಸುವ ಯೋಚನೆ ಇದ್ದರೆ ಮಾತ್ರ ಈಗಲೇ ವಿಚಾರಿಸಿ.

ಶಿವಮೊಗ್ಗದಿಂದ, ಅಂಗಡಿಗಳ ಲೆಕ್ಕ ಬರೆಯುವವಳು

ಮೇಲಿನ ಸವಕಳಿ, ಖರ್ಚಿನ ಮಾತೆಲ್ಲ ಲೆಕ್ಕದ ಪುಸ್ತಕ ಬರೆಯುವವರಿಗೆ. ವಹಿವಾಟಿನ ಶೇ. 8, ಬ್ಯಾಂಕು ಅಥವಾ ಯುಪಿಐ ಮೂಲಕ ಬಂದದ್ದಕ್ಕೆ ಶೇ. 6 ಲಾಭ ಅಂತ ಒಪ್ಪಿಕೊಳ್ಳುವ ಸರಳ ವಿಧಾನ ಹಿಡಿದರೆ ಈ ಯಾವ ಬಿಲ್ಲೂ ಬೇರೆಯಾಗಿ ಕಳೆಯಲು ಬರುವುದಿಲ್ಲ. ಮೊದಲ ವರ್ಷ ನಿಜವಾಗಿ ನಷ್ಟವಾಗಿದ್ದರೂ ಅದು ದಾಖಲಾಗುವುದಿಲ್ಲ. ಪುಸ್ತಕ ಬರೆದು, ಗಡುವಿನೊಳಗೆ ರಿಟರ್ನ್ ಹಾಕಿದರೆ ವ್ಯಾಪಾರದ ನಷ್ಟವನ್ನು 8 ವರ್ಷ ಮುಂದಕ್ಕೆ ಒಯ್ಯಬಹುದು. ಸರಳ ವಿಧಾನಕ್ಕೆ ಒಮ್ಮೆ ಹೋಗಿ ಐದು ವರ್ಷದೊಳಗೆ ಬಿಟ್ಟರೆ ಮುಂದಿನ ಐದು ವರ್ಷ ವಾಪಸ್ ಬರಲಾಗದು. ಅದಕ್ಕೇ ನಿಮ್ಮ ಮೊದಲ ವರ್ಷ ಪುಸ್ತಕದಲ್ಲೇ ಇರಲಿ. ಮತ್ತೆ, ಮನೆಯಲ್ಲಿ ತೋಟ ಇದ್ದರೆ ತೋಟದ ಕೂಲಿ, ಗೊಬ್ಬರದ ಚೀಟಿ ಇದರೊಳಗೆ ಬೆರೆಸಲೇಬೇಡಿ.

ತೀರ್ಥಹಳ್ಳಿಯಿಂದ, ಕೇಳಿದವಳೇ

ಲೈಸೆನ್ಸು ಬಂದ ಮೂರನೇ ದಿನಕ್ಕೆ ಉಪ್ಪಿಗೆ ಹಾಕಿದ್ದು, ಆ ತಾರೀಖು ಬರೆದಿಟ್ಟೆ. ಪ್ಯಾಕಿಂಗ್ ಮಷೀನಿನ ಬಾಕಿ ₹60,000 ನಾಳೆ ನಗದು ಕೊಡುವವಳಿದ್ದೆ. ಮಷೀನಿನವರ ಅಕೌಂಟ್ ನಂಬರು ಈಗಷ್ಟೇ ತರಿಸಿಕೊಂಡೆ.